ಹಡಗು ದಾಟುವಷ್ಟು ಹೊತ್ತು

ಶನಿವಾರದ ಸಂತೆಯಲ್ಲಿ ಮರ್ವ್ ತನ್ನ ಹಣ್ಣಿನ ಮೇಜಿನ ಕೆಳಗೆ ಬಗ್ಗಿ ಗ್ಲೆನಿಸ್‌ಳ ಸೇಬಿನ ಚೀಲವನ್ನು ಎಳೆದಾಗ ಅದಕ್ಕೆ ತಗುಲಿಕೊಂಡು ಇನ್ನೊಂದು ಚೀಲ ಮಗುಚಿಬಿತ್ತು. ನಾಲ್ಕೈದು ಸೇಬು ಕಲ್ಲುಹಾಸಿನ ಮೇಲೆ ಉರುಳಿದವು. ಒಂದು ಅವಳ ಬೂಟಿಗೆ ಬಡಿದು ನಿಂತಿತು. ಎತ್ತಿಕೊಂಡು ನೋಡಿದಳು. ಸ್ಟರ್ಮರ್ ಸೇಬು. ಹಸಿರು ಮಾಸಿ ಹಳದಿಗೆ ತಿರುಗಿತ್ತು, ತೊಟ್ಟಿನ ಸುತ್ತ ಸಿಪ್ಪೆ ಸುಕ್ಕಾಗಿತ್ತು. ಮರ್ವ್ ಯಾವತ್ತೂ ಅಂಥ ಬಾಡಿದ ಹಣ್ಣನ್ನು ಮಾರಿದವನಲ್ಲ.

ಗ್ಲೆನಿಸ್ ಮೇಜಿನ ಬಟ್ಟೆ ಸರಿಸಿ ಕೆಳಗೆ ಇಣುಕಿದಳು. ಬಿದ್ದದ್ದನ್ನೂ ಸೇರಿಸಿ ಮೂರು ಕಂದು ಕಾಗದದ ಚೀಲಗಳು. ಮೂರರ ಮೇಲೂ ಪೆನ್ಸಿಲಿನಲ್ಲಿ 'ಲೋರಿ' ಎಂದು ಬರೆದಿತ್ತು.

"ಇದೇನು ಮರ್ವ್?"

"ಏನೂ ಇಲ್ಲ. ಇಡು ಅಲ್ಲಿ."

"ಮೂರು ಶನಿವಾರದಿಂದ ಬಂದಿಲ್ವಾ ಅವಳು?"

ಮರ್ವ್ ಸೊಂಟ ನೆಟ್ಟಗೆ ಮಾಡಿ ಪಶ್ಚಿಮಕ್ಕೆ ನೋಡಿದ. "ಬೆಟ್ಟ ನೋಡು. ಹನ್ನೆರಡರೊಳಗೆ ಮೋಡದ ಟೋಪಿ ಹಾಕ್ಕೊಂಡು ಕೂತ್ಕೊಳ್ಳುತ್ತೆ. ಹಿಮ ಬೀಳೋದ್ರೊಳಗೆ ಮನೆ ಸೇರ್ಕೊ ಹೋಗು."

"ನಾನು ಕೇಳಿದ್ದು ಬೆಟ್ಟದ ವಿಷಯ ಅಲ್ಲ."

"ಗೊತ್ತಮ್ಮ," ಎಂದ ಮರ್ವ್. "ಅದಕ್ಕೇ ಬೆಟ್ಟದ ವಿಷಯ ಹೇಳಿದ್ದು."

ಗ್ಲೆನಿಸ್ ಮತ್ತು ಅವಳ ತಂಗಿ ಲೊರೇನ್, ಎಲ್ಲರ ಬಾಯಲ್ಲಿ ಲೋರಿ, ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹೋಬಾರ್ಟ್‌ನಂಥ ಊರಿನಲ್ಲಿ ಮಾತು ಬಿಡುವುದು ಸುಲಭ, ಮುಖ ತಪ್ಪಿಸುವುದು ಕಷ್ಟ. ಹೆಸರಿಗೆ ರಾಜ್ಯದ ರಾಜಧಾನಿ. ಶಾಸನಸಭೆಯಿದೆ, ಮಂತ್ರಿಗಳಿದ್ದಾರೆ, ದೊಡ್ಡ ಕೋರ್ಟಿದೆ. ಆದರೆ ಬಂದರಿನಲ್ಲಿ ಮೀನು ಮಾರುವ ದೋಣಿಯ ಮುಂದೆ ಸಾಲು ನಿಂತರೆ ಹಿಂದೆ ನಿಂತು ಕೆಮ್ಮುವವನು ಆರೋಗ್ಯ ಮಂತ್ರಿಯೇ ಆಗಿರುತ್ತಾನೆ, ಅವನ ಅತ್ತಿಗೆ ನಿಮ್ಮ ಜೊತೆ ಓದಿದವಳಾಗಿರುತ್ತಾಳೆ. ಹಾಗಾಗಿ ಅಕ್ಕತಂಗಿಯರು ಒಂದು ಮಾತೂ ಆಡದೆ ಊರನ್ನು ಪಾಲು ಮಾಡಿಕೊಂಡಿದ್ದರು. ನದಿಯ ಪೂರ್ವದ ದಡ, ಅಲ್ಲಿನ ಅಂಗಡಿ ಸಾಲು, ಈಜುಕೊಳ ಲೊರೇನ್‌ಳದು. ಪಶ್ಚಿಮದ ದಡ, ಅಲ್ಲಿನ ಸಿನಿಮಾ ಮಂದಿರ, ಗ್ಲೆನಿಸ್ ಕೆಲಸ ಮಾಡುವ ಗ್ರಂಥಾಲಯ ಗ್ಲೆನಿಸ್‌ಳದು. ಶನಿವಾರದ ಈ ಸಂತೆ ಮಾತ್ರ ಇಬ್ಬರಿಗೂ ಬೇಕು. ಹತ್ತು ಗಂಟೆಯವರೆಗೆ ಲೊರೇನ್, ಹತ್ತೂವರೆಯ ನಂತರ ಗ್ಲೆನಿಸ್.

ಊರು ಈ ವೇಳಾಪಟ್ಟಿಯನ್ನು ತನ್ನದೇ ಕೆಲಸವೆಂಬಂತೆ ಕಾಪಾಡಿಕೊಂಡು ಬಂದಿತ್ತು. ಇಬ್ಬರಿಗೂ ಒಬ್ಬನೇ ಹಲ್ಲಿನ ಡಾಕ್ಟರು. ಅಲ್ಲಿ ಫೋನ್ ಎತ್ತುವ ಹೆಂಗಸು ಇಬ್ಬರನ್ನೂ ಒಂದೇ ವಾರ ಕರೆಯುತ್ತಿರಲಿಲ್ಲ. ಯಾರಾದರೂ ತೀರಿಕೊಂಡು ಇಬ್ಬರೂ ಚರ್ಚಿಗೆ ಹೋಗಲೇಬೇಕಾದರೆ, ಬಾಗಿಲಲ್ಲಿ ನಿಂತವರು ಕೇಳದೆಯೇ ಒಬ್ಬಳಿಗೆ ಎಡಗಡೆಯ ಬೆಂಚು, ಇನ್ನೊಬ್ಬಳಿಗೆ ಬಲಗಡೆಯದು ತೋರಿಸುತ್ತಿದ್ದರು. ಮರ್ವ್ ಅಂತೂ ಹತ್ತೂಕಾಲಿಗೇ ಗ್ಲೆನಿಸ್ ಬಂದುಬಿಟ್ಟರೆ, "ಒಂದು ಕಾಫಿ ಕುಡ್ಕೊಂಡು ಬಾ, ಇನ್ನೂ ಜೇನುತುಪ್ಪದ ಹತ್ರ ಇದ್ದಾಳೆ," ಎಂದು ಅಟ್ಟುತ್ತಿದ್ದ. ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಾಗಿರಲಿಲ್ಲ.

ಬಾಡಿದ ಸೇಬನ್ನು ಕೈಯಲ್ಲಿ ಹಿಡಿದುಕೊಂಡೇ ಗ್ಲೆನಿಸ್ ಜೇನಿನ ಮೇಜಿನ ಹತ್ತಿರ ಹೋದಳು. ಶರ್ಲಿ ಯಾರಿಗೋ ಬಾಟಲಿ ಸುತ್ತಿಕೊಡುತ್ತಿದ್ದವಳು ಅವಳ ಮುಖ ನೋಡಿದ್ದೇ ತಲೆ ತಗ್ಗಿಸಿದಳು.

"ಶರ್ಲಿ, ಲೊರೇನ್‌ಗೆ ಏನಾಗಿದೆ?"

"ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ಗೊತ್ತಿಲ್ಲ."

"ಅಯ್ಯೋ," ಎಂದಳು ಶರ್ಲಿ. "ಗೊತ್ತಿಲ್ಲ ಅಂದ್ರೆ ನಾನು ಹೆಂಗೆ ಹೇಳ್ಲಿ? ಅವಳೇ ನಿನಗೆ ಹೇಳಿಲ್ಲ ಅಂದ್ಮೇಲೆ ನಾನ್ಯಾರು ಮಧ್ಯದಲ್ಲಿ?"

"ಎಲ್ಲರಿಗೂ ಗೊತ್ತಾ?"

ಶರ್ಲಿ ಬಾಟಲಿಗೆ ಇನ್ನೊಂದು ಕಾಗದ ಸುತ್ತತೊಡಗಿದಳು. ಅದೇ ಉತ್ತರವಾಗಿತ್ತು. ಈ ಊರಿನಲ್ಲಿ ಸಣ್ಣ ಸುದ್ದಿಯನ್ನು ಯಾರೂ ಬಚ್ಚಿಡುವುದಿಲ್ಲ. ಯಾರ ಬೆಕ್ಕು ಕಳೆದುಹೋದರೂ ಸಂಜೆಯೊಳಗೆ ಗ್ರಂಥಾಲಯದ ಮೇಜಿಗೆ ಬರುತ್ತದೆ. ಬಾಯಿ ಮುಚ್ಚಿಕೊಂಡಿದ್ದಾರೆಂದರೆ ಅದು ದೊಡ್ಡದೇ ಇರಬೇಕು. ಅಮ್ಮನಿಗೆ ಬಂದಂಥದ್ದೇ ಏನಾದರೂ…

ಅವಳು ವಾಪಸು ಬಂದಾಗ ಮರ್ವ್ ಮೂರು ಚೀಲಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಹಳೆಯ ಹಣ್ಣನ್ನೆಲ್ಲ ತೆಗೆದು ಒಂದೇ ಚೀಲದಲ್ಲಿ ಗಟ್ಟಿ ಹಣ್ಣು ತುಂಬಿದ.

"ಉಸಿರಾಡ್ತಾ ಇದ್ದಾಳೆ," ಎಂದ. "ಅದಕ್ಕಿಂತ ಹೆಚ್ಚು ಒಂದು ಮಾತೂ ನನ್ನ ಬಾಯಿಂದ ಬರಲ್ಲ. ತಗೊಂಡು ಹೋಗಿ ತಲುಪಿಸು. ಮೂರು ವರ್ಷ ನಿಮ್ಮಿಬ್ಬರ ಗಡಿಯಾರ ನೋಡ್ಕೊಂಡು ನನಗೂ ಸಾಕಾಗಿದೆ ಕಣಮ್ಮ."

*

ಯುದ್ಧಸ್ಮಾರಕದ ಗುಡ್ಡ ದಾಟಿ ಸೇತುವೆಯ ಕಡೆಗೆ ತಿರುಗುವ ಹೊತ್ತಿಗೆ ದೀಪಗಳು ಕೆಂಪಾದವು. ಗ್ಲೆನಿಸ್ ಬ್ರೇಕ್ ಒತ್ತಿದಳು. ಅವಳ ಕಾರು ಸಾಲಿನಲ್ಲಿ ಎರಡನೆಯದು. ಮುಂದಿದ್ದವನು ಎಂಜಿನ್ ಆಫ್ ಮಾಡಿ ಸೀಟು ಹಿಂದಕ್ಕೆ ವಾಲಿಸಿಕೊಂಡ. ಮೇಲ್ದಂಡೆಯ ಸತುವಿನ ಕಾರ್ಖಾನೆಯ ಕಡೆಯಿಂದ ಒಂದು ಹಡಗು ಹೊರಟಿದೆ ಎಂದು ಅರ್ಥ.

ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಹಡಗೊಂದು ಕಂಬಕ್ಕೆ ಬಡಿದು ಸೇತುವೆಯ ಒಂದಷ್ಟು ಭಾಗ ನದಿಗೆ ಕುಸಿದಿತ್ತು. ಜನ ಸತ್ತಿದ್ದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಊರು ಎರಡು ಹೋಳಾಗಿ ದೋಣಿಯಲ್ಲಿ ಓಡಾಡಿತ್ತು. ಅಂದಿನಿಂದ ದೊಡ್ಡ ಹಡಗು ಕೆಳಗೆ ಹಾಯುವಾಗ ಮೇಲೆ ಯಾರೂ ಇರಬಾರದು. ಗಾಡಿಗಳನ್ನು ಎರಡೂ ತುದಿಯಲ್ಲಿ ನಿಲ್ಲಿಸುತ್ತಾರೆ. ಹತ್ತು ನಿಮಿಷವಾಗಬಹುದು, ಹೆಚ್ಚೂ ಆಗಬಹುದು. ಯಾರೂ ಹಾರನ್ ಮಾಡುವುದಿಲ್ಲ.

ಆದರೆ ಈ ಊರಿನಲ್ಲಿ ತಡವಾಗಿ ಬಂದ ಪ್ರತಿಯೊಬ್ಬರಿಗೂ ಹಡಗು ಬಂದಿರುತ್ತದೆ. ಶಾಲೆಗೆ ತಡವಾದರೂ ಹಡಗು, ಕಚೇರಿಗೆ ತಡವಾದರೂ ಹಡಗು. ಊರಿಗೆ ಬಂದದ್ದು ವಾರಕ್ಕೆರಡು ಹಡಗಾದರೂ ಜನರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಬರುತ್ತವೆ. ಅದರಲ್ಲೂ ಲೊರೇನ್! ಹಾಸಿಗೆಯಿಂದ ಏಳುವುದೇ ತಡ, ಕಾರಿನ ಕೀಲಿ ಹುಡುಕುವುದು ಇನ್ನೂ ತಡ. ತನ್ನ ಮದುವೆಗೇ ನಲವತ್ತು ನಿಮಿಷ ತಡವಾಗಿ ಬಂದು, ಚರ್ಚಿನ ಮೆಟ್ಟಿಲ ಮೇಲೆ ಹೂಗೊಂಚಲು ಎತ್ತಿ ಹಿಡಿದು "ಹಡಗು!" ಎಂದು ಕೂಗಿದ್ದಳು. ಪಾದ್ರಿಯೂ ನಕ್ಕಿದ್ದರು.

ಮೂರು ವರ್ಷದ ಹಿಂದಿನ ಆ ಭಾನುವಾರ ಬೆಳಿಗ್ಗೆ ಆರೂ ಮೂವತ್ತೈದಕ್ಕೆ ಗ್ಲೆನಿಸ್ ಅವಳಿಗೆ ಫೋನ್ ಮಾಡಿದ್ದಳು. "ಅಮ್ಮನ ಉಸಿರು ಬದಲಾಗಿದೆ. ಬಾ." ಅಷ್ಟೇ. ಕೊನೆಯ ತಿಂಗಳುಗಳನ್ನು ಅಮ್ಮ ಗ್ಲೆನಿಸ್‌ಳ ಮನೆಯ ಮುಂಭಾಗದ ಕೋಣೆಯಲ್ಲಿ ಕಳೆದಿದ್ದಳು. ಲೊರೇನ್‌ಳ ಮನೆಯಿಂದ ಅಲ್ಲಿಗೆ ಭಾನುವಾರದ ಖಾಲಿ ರಸ್ತೆಯಲ್ಲಿ ಇಪ್ಪತ್ತು ನಿಮಿಷವೂ ಬೇಡ. ಏಳು ಗಂಟೆಗೆ ಅಮ್ಮ ಬಾಗಿಲ ಕಡೆ ನೋಡುತ್ತ, "ಲೋರಿ ಬಂದ್ಲಾ?" ಎಂದಳು. ಮತ್ತೆ ಮಾತಾಡಲಿಲ್ಲ. ಏಳೂ ಐದಕ್ಕೆ ಉಸಿರು ನಿಂತಿತು. ಏಳೂ ಎಂಟಕ್ಕೆ ಲೊರೇನ್ ಓಡುತ್ತ ಒಳಗೆ ಬಂದಳು. "ಸೇತುವೆ ನಿಲ್ಲಿಸಿಬಿಟ್ರು ಗ್ಲೆನ್, ಹಡಗು…" ಎಂದು ಏದುಸಿರು ಬಿಟ್ಟಳು.

ಗ್ಲೆನಿಸ್ ಅಮ್ಮನ ಕೈ ಬಿಡದೆ ತಿರುಗಿ ನೋಡಿ, "ಇವತ್ತೂ ನಿನಗೆ ಹಡಗೇ ಬಂತಾ?" ಎಂದಿದ್ದಳು.

ಆಮೇಲೆ ಮನೆಗೆ ಬಂದವರ ಮುಂದೆಯೂ ಅದನ್ನೇ ಹೇಳಿದ್ದಳು. ಒಬ್ಬರಿಗಲ್ಲ, ನಾಲ್ಕು ಜನಕ್ಕೆ. ಲೊರೇನ್ ಅಂತ್ಯಕ್ರಿಯೆ ಮುಗಿಯುವವರೆಗೆ ಇದ್ದು, ಒಂದು ಮಾತೂ ಆಡದೆ ನದಿ ದಾಟಿ ಹೋದಳು.

ಕಾರಿನ ಕಿಟಕಿಯನ್ನು ಯಾರೋ ಬೆರಳಿನಿಂದ ತಟ್ಟಿದರು. ಪಕ್ಕದ ಸಾಲಿನಲ್ಲಿದ್ದ ಹಳೆಯ ಪೋಸ್ಟ್‌ಮ್ಯಾನ್ ಕೆನ್ ಇಳಿದು ಬಂದು ನಿಂತಿದ್ದ. ಗ್ಲೆನಿಸ್ ಗಾಜು ಇಳಿಸಿದಳು. ಚಳಿ ಒಳನುಗ್ಗಿತು.

"ಏನು ಗ್ಲೆನ್, ಏರ್‌ಪೋರ್ಟಿಗಾ?" ಎಂದವನ ಕಣ್ಣು ಪಕ್ಕದ ಸೀಟಿನ ಮೇಲಿದ್ದ ಚೀಲದ ಮೇಲೆ, ಅದರ ಮೇಲಿನ ಹೆಸರಿನ ಮೇಲೆ ಬಿತ್ತು. ಮುಖವೆಲ್ಲ ಅರಳಿತು. "ಓಹೋ! ಅಂತೂ ಹೊರಟ್ಯಲ್ಲ!"

"ಹೇಗಿದ್ದಾಳೆ ಕೆನ್?"

"ಹೋಗ್ತಾ ಇದ್ದೀಯಲ್ಲ, ನೀನೇ ನೋಡ್ತೀಯ. ಇನ್ನೇನು ಹತ್ತು ನಿಮಿಷ."

"ಹತ್ತು ನಿಮಿಷದಲ್ಲಿ ಏನು ಬೇಕಾದ್ರೂ ಆಗಿಹೋಗುತ್ತೆ," ಎಂದಳು ಗ್ಲೆನಿಸ್. ಅವಳ ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಕೆನ್ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಏನೋ ಅರ್ಥವಾದವನಂತೆ ಅವಳ ಭುಜದ ಹತ್ತಿರ ಕಾರಿನ ಬಾಗಿಲನ್ನು ಎರಡು ಸಲ ಮೆಲ್ಲಗೆ ತಟ್ಟಿ ಹೋದ.

ಹಡಗು ಕಾಣಿಸಿತು. ಮೊದಲು ಅದರ ಕಂಬ, ಆಮೇಲೆ ಬಿಳಿಯ ಮನೆಯಂಥ ಹಿಂಭಾಗ, ಸೇತುವೆಯ ಅಂಚಿನ ಮೇಲೆ ಯಾರೋ ಮೆತ್ತಗೆ ತಳ್ಳುತ್ತಿರುವಂತೆ ಸರಿದವು. ಗ್ಲೆನಿಸ್ ಕೈಗಡಿಯಾರ ನೋಡಿದಳು. ಐದು ನಿಮಿಷ. ನೋಡಬಾರದೆಂದುಕೊಂಡು ಮತ್ತೆ ನೋಡಿದಳು. ಇನ್ನೂ ಐದೇ ನಿಮಿಷ. ಲೊರೇನ್ ಕೂಡ ಹೀಗೇ ಎದುರಿನ ತುದಿಯಲ್ಲಿ ಕೂತಿದ್ದಳೆಂಬುದು ಹೊಸ ವಿಷಯವೇನಲ್ಲ. ಅಮ್ಮ ಹೋದ ಒಂಬತ್ತನೆಯ ದಿನ ಕೆಲಸಕ್ಕೆ ಹೋದಾಗ ಗ್ಲೆನಿಸ್ ಬಂದರಿನವರು ಪ್ರಕಟಿಸುವ ಹಡಗುಗಳ ಪಟ್ಟಿ ತೆಗೆದು ಆ ಭಾನುವಾರದ ಸಾಲು ಹುಡುಕಿದ್ದಳು. ಹುಡುಕಿದ್ದು ತನ್ನ ಮಾತೇ ಸರಿಯೆಂದು ಖಾತ್ರಿ ಮಾಡಿಕೊಳ್ಳಲು. 'ಓರಿಯೆಂಟ್ ಲಾರ್ಕ್', ಸೇತುವೆ ದಾಟಿದ್ದು ಆರು ಐವತ್ತಕ್ಕೆ. ಹಾಳೆ ಮಡಚಿಟ್ಟಳು. ಆಗಲೇ ನೆನಪಾದದ್ದು ಇನ್ನೊಂದು: ಆ ಬೆಳಿಗ್ಗೆ ಓಡಿಬಂದ ಲೊರೇನ್‌ಳ ಕೋಟಿನ ಕೆಳಗೆ ರಾತ್ರಿಯ ಉಡುಪಿತ್ತು, ಕಾಲಲ್ಲಿ ಮನೆಯೊಳಗೆ ಹಾಕುವ ಉಣ್ಣೆಯ ಚಪ್ಪಲಿ. ತಡ ಮಾಡಿದವಳು ಹಾಗೆ ಬರುವುದಿಲ್ಲ.

ಅವತ್ತೇ ಫೋನ್ ಮಾಡಬಹುದಿತ್ತು. ನಾಳೆ ಮಾಡೋಣವೆಂದುಕೊಂಡಳು. ನಾಳೆ ಎಂಬುದಕ್ಕೆ ಒಂದು ವಾರವಾಯಿತು. ಒಂದು ವಾರ ಬಿಟ್ಟು ಹೇಳಿದರೆ, ಇಷ್ಟು ದಿನ ಗೊತ್ತಿದ್ದೂ ಏಕೆ ಸುಮ್ಮನಿದ್ದೆ ಎಂದು ಕೇಳುವುದಿಲ್ಲವೇ? ತಿಂಗಳಾದ ಮೇಲೆ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಆಮೇಲೆ ಊರು ಅವರಿಬ್ಬರಿಗೆ ಬೇರೆ ಬೇರೆ ಬೆಂಚು ತೋರಿಸತೊಡಗಿತು, ಕೂತುಕೊಳ್ಳುವುದು ಸುಲಭವಾಗಿತ್ತು.

ದೀಪ ಹಸಿರಾಯಿತು. ಹನ್ನೊಂದು ನಿಮಿಷ.

*

ಏರ್‌ಪೋರ್ಟಿಗೆ ಹೋಗುವಾಗ ಮೂರು ವರ್ಷ ಆ ತಿರುವನ್ನು ನೋಡದೆ ದಾಟಿದ್ದಳು. ಇವತ್ತು ಕೈ ತಾನಾಗಿ ತಿರುಗಿಸಿತು. ಲೊರೇನ್‌ಳ ಮನೆ ನದಿಗೆ ಬೆನ್ನು ಮಾಡಿ ಇಳಿಜಾರಿನಲ್ಲಿತ್ತು. ಮೆಟ್ಟಿಲ ಪಕ್ಕದಲ್ಲಿ ಹೊಸದಾಗಿ, ಹಿಡಿದು ಹತ್ತಲು, ಇನ್ನೂ ಬಣ್ಣ ಬಳಿಯದ ಮರದ ಅಡ್ಡಪಟ್ಟಿ ಹೊಡೆದಿದ್ದರು. ಗ್ಲೆನಿಸ್ ಅದನ್ನು ಮುಟ್ಟದೆ ಮೆಟ್ಟಿಲು ಹತ್ತಿದಳು.

"ಯಾರದು? ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ, ನನಗೆ ಏಳಕ್ಕಾಗಲ್ಲ!" ಹಿಂದಿನ ವರಾಂಡದಿಂದ ದನಿ ಬಂತು. ಅದೇ ದನಿ. ಅಷ್ಟೇ ಜೋರು.

ಗ್ಲೆನಿಸ್ ಅಡುಗೆಮನೆಯನ್ನು ಹಾದು ಹೋಗಬೇಕಾಯಿತು. ಮೇಜಿನ ಮೇಲೆ ತೊಳೆದ ಪಾತ್ರೆಗಳನ್ನು ಬೋರಲು ಹಾಕಿದ್ದರು: ಗಾಜಿನವು, ಮಣ್ಣಿನವು, ಮುಚ್ಚಳವಿದ್ದವು. ಯಾರದಾದರೂ ಮನೆಯಲ್ಲಿ ಕಾಯಿಲೆಯೆಂದರೆ ಈ ಊರಿನವರು ಅಡುಗೆ ಮಾಡಿ ಕೊಟ್ಟುಬರುತ್ತಾರೆ. ಪಾತ್ರೆ ಅದಲುಬದಲಾಗದಿರಲೆಂದು ತಳಕ್ಕೆ ಟೇಪು ಅಂಟಿಸಿ ಹೆಸರು ಬರೆಯುತ್ತಾರೆ. ಶರ್ಲಿ. ಕೆನ್ ಮತ್ತು ಡಾಟ್. ಹಲ್ಲಿನ ಡಾಕ್ಟರ ಕಚೇರಿಯ ಹೆಂಗಸು. ಗ್ರಂಥಾಲಯದಲ್ಲಿ ದಿನವೂ ಗ್ಲೆನಿಸ್‌ಳ ಪಕ್ಕದಲ್ಲಿ ಕೂತು ಊಟ ಮಾಡುವ ಹಿಲರಿ. ಹನ್ನೆರಡು ಪಾತ್ರೆ. ಇಡೀ ಊರು ಸೇತುವೆ ದಾಟಿ ಈ ಅಡುಗೆಮನೆಗೆ ಬಂದುಹೋಗಿತ್ತು.

ಲೊರೇನ್ ವರಾಂಡದ ಬೆತ್ತದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಎಡಗಾಲು ಮಂಡಿಯವರೆಗೆ ಪ್ಲಾಸ್ಟರಿನಲ್ಲಿ, ಒಂದು ಸ್ಟೂಲಿನ ಮೇಲೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಬಣ್ಣ ಹಚ್ಚುವುದು ಬಿಟ್ಟಳೋ, ಅದೂ ಗ್ಲೆನಿಸ್‌ಗೆ ಗೊತ್ತಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕಾಲಾ?" ಎಂದಳು ಗ್ಲೆನಿಸ್.

"ಇನ್ನೇನು ತಲೆ ಅಂದ್ಕೊಂಡ್ಯಾ?"

"ಕಾಲಷ್ಟೇನಾ?"

"ಎರಡು ಕಡೆ ಮುರಿದಿದೆ. ನಿನಗೆ ಸಾಲದಾ?" ಲೊರೇನ್ ಕಂಬಳಿಯನ್ನು ಎಳೆದುಕೊಂಡಳು. "ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಜಾರಿದೆ."

ಗ್ಲೆನಿಸ್ ಸೇಬಿನ ಚೀಲವನ್ನು ಎದೆಗವಚಿಕೊಂಡು ಅಳತೊಡಗಿದಳು. ಸದ್ದಿಲ್ಲದೆ ಅಳುವುದು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಕಾಗದದ ಚೀಲ ಪರಪರ ಎಂದಿತು.

"ಏನಂದ್ಕೊಂಡು ಬಂದೆ ನೀನು?" ಲೊರೇನ್‌ಳ ದನಿ ತಗ್ಗಿತು.

"ಯಾರೂ ಏನೂ ಹೇಳ್ಲಿಲ್ಲ. ಮರ್ವ್ ನೀನು ಉಸಿರಾಡ್ತಿದ್ದೀಯ ಅಂದ ಅಷ್ಟೇ."

"ಅವನ ಮುಖ ಸುಡ!" ಎಂದಳು ಲೊರೇನ್. ನಗು ತಡೆದುಕೊಂಡದ್ದು ಮೂಗಿನಿಂದ ಹೊರಬಂತು. ಆಮೇಲೆ ಮುಖ ಗಂಭೀರವಾಯಿತು. "ಮೊದಲನೇ ವಾರ ದಿನಾ ಕಾದೆ. ಯಾರಾದ್ರೂ ನಿನಗೆ ಹೇಳೇ ಹೇಳ್ತಾರೆ ಅಂತ. ಆಮೇಲೆ, ಗೊತ್ತಿದ್ದೂ ಬಂದಿಲ್ಲ ಅಂದ್ಕೊಂಡೆ."

ಗ್ಲೆನಿಸ್ ಚೀಲವನ್ನು ಕೆಳಗಿಟ್ಟು ವರಾಂಡದ ಮೆಟ್ಟಿಲ ಮೇಲೆ, ತಂಗಿಯ ಪ್ಲಾಸ್ಟರಿನ ಕಾಲಿನ ಪಕ್ಕದಲ್ಲಿ ಕೂತಳು. ಮುಖ ನೋಡಿ ಹೇಳುವ ಮಾತಾಗಿರಲಿಲ್ಲ ಅದು.

"ಹತ್ತೂ ಮುಕ್ಕಾಲಿಗೇ ಹೊರಟೆ. ಸೇತುವೆ ನಿಲ್ಲಿಸಿಬಿಟ್ಟಿದ್ರು."

ಹಿಂದೆ ಕುರ್ಚಿಯ ಬೆತ್ತ ಕಿರುಗುಟ್ಟಿತು.

"ಎಷ್ಟು ಹೊತ್ತು?" ಎಂದಳು ಲೊರೇನ್.

"ಹನ್ನೊಂದು ನಿಮಿಷ."

"ಕಳೀತಾ?"

"ಕಳೀಲಿಲ್ಲ."

ಅಷ್ಟರಲ್ಲಿ ಬಲಗಡೆಯ ಮರಗಳ ಹಿಂದಿನಿಂದ ಹಡಗು ಹೊರಬಂತು. ಗ್ಲೆನಿಸ್ ಸೇತುವೆಯ ಹತ್ತಿರ ಕಾದದ್ದು ಅದಕ್ಕೇ. ಈಗ ಖಾಲಿ ಹೊಟ್ಟೆಯಲ್ಲಿ ಎತ್ತರವಾಗಿ ತೇಲುತ್ತ, ಸಮುದ್ರದ ಕಡೆಗೆ ಹೊರಟಿತ್ತು. ಒಡಲಿನ ಮೇಲೆ ತುಕ್ಕಿನ ಗೆರೆಗಳು ಇಳಿದಿದ್ದವು. ಮೇಲ್ಗಡೆ ಒಬ್ಬ ನಾವಿಕ ಬಟ್ಟೆ ಒಣಗಿಹಾಕುತ್ತಿದ್ದ.

"ಅದೇ ಹಡಗಾ ಏನೋ, ಅವತ್ತಿನದು," ಎಂದಳು ಲೊರೇನ್. ಯಾರಿಗೂ ಹೇಳಿದಂತಿರಲಿಲ್ಲ. "ಇಲ್ಲಿ ಕೂತು ಪ್ರತಿಯೊಂದನ್ನೂ ಹಾಗೇ ನೋಡ್ತೀನಿ. ಅವತ್ತು ಹೆಸರು ಓದ್ಲಿಲ್ಲ ನಾನು. ಓದಿದ್ರೆ ನಿನಗೆ ಹೇಳಬಹುದಿತ್ತು."

"ಇದಲ್ಲ," ಎಂದಳು ಗ್ಲೆನಿಸ್. "ಅವತ್ತಿನದು ಓರಿಯೆಂಟ್ ಲಾರ್ಕ್."

ಹಡಗಿನ ಎಂಜಿನ್ನಿನ ಸದ್ದು ಮರದ ಹಲಗೆಗಳ ಮೂಲಕ ಮೈಗೆ ತಾಕುತ್ತಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?"

"ಒಂಬತ್ತನೇ ದಿನ."

"ಮೂರು ವರ್ಷ, ಗ್ಲೆನ್."

"ಹೂಂ."

"ಆ ನಾಲ್ಕು ಜನಕ್ಕೆ ಹೇಳಿದ್ಯಾ?"

"ಇಲ್ಲ. ಹೇಳ್ತೀನಿ. ಮೊದಲು ನಿನಗೆ ಹೇಳಬೇಕಿತ್ತು. ತಪ್ಪು ನಂದು ಕಣೇ. ಅಮ್ಮ ಕೊನೇಲಿ ಕೇಳಿದ್ದು ನಿನ್ನನ್ನೇ. 'ಲೋರಿ ಬಂದ್ಲಾ' ಅಂದ್ಲು. ಅದನ್ನೂ ನಿನಗೆ ಕೊಡದೆ ಇಟ್ಕೊಂಡೆ."

ಲೊರೇನ್ ನದಿಯನ್ನೇ ನೋಡುತ್ತಿದ್ದಳು. ಅವಳ ಕೈ ಕಂಬಳಿಯಿಂದ ಹೊರಬಂದು, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಂತೆ ಗಾಳಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಕಂಬಳಿಯ ಮೇಲೇ ಕೂತಿತು.

"ನೀನು ಏನಂದೆ ಅಮ್ಮಂಗೆ?" ಎಂದು ಕೇಳಿದಳು.

"ದಾರೀಲಿದ್ದಾಳೆ ಅಂದೆ."

ಲೊರೇನ್ ಮೂಗು ಒರೆಸಿಕೊಂಡಳು. ಹಡಗಿನ ಬೆನ್ನು ತಿರುವಿನಲ್ಲಿ ಸಣ್ಣದಾಗುತ್ತ ಹೋಯಿತು. ನೀರು ಏನೂ ಆಗದಂತೆ ನುಣ್ಣಗಿತ್ತು. ಗ್ಲೆನಿಸ್ ಏಳಲು ಹೊರಟಳು. ಚಹಾಕ್ಕೆ ನೀರಿಡುವುದೋ, ಕಾರಿನ ಕಡೆಗೆ ನಡೆಯುವುದೋ ಅವಳಿಗೇ ತಿಳಿಯಲಿಲ್ಲ.

"ಕೂತ್ಕೋ," ಎಂದಳು ಲೊರೇನ್. "ಇನ್ನೂ ಮುಗಿದಿಲ್ಲ. ಅಲೆ ಬರುತ್ತೆ ನೋಡು."

"ಹಡಗು ಹೋಗಿಬಿಡ್ತಲ್ಲ."

"ಆಮೇಲೇ ಬರೋದು ಅದು. ಕೂತ್ಕೋ."

ಗ್ಲೆನಿಸ್ ಕೂತಳು. ನದಿಯ ನಡುವಿನಿಂದ ಒಂದು ತೆಳ್ಳನೆಯ ಮಡಿಕೆ ಹೊರಟು, ಅವಸರವಿಲ್ಲದೆ ದಡದ ಕಡೆಗೆ ಬರುತ್ತಿತ್ತು. ಮೊದಲು ದೂರದ ದೋಣಿ ಎದ್ದು ಇಳಿಯಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಹತ್ತಿರದ ನೀಲಿ ದೋಣಿ. ಕೊನೆಗೆ ಮನೆಯ ಕೆಳಗಿನ ಕಲ್ಲುಗಳಿಗೆ ನೀರು ಬಡಿಯುವ ಸದ್ದು ಒಂದು ಸಲ, ಎರಡು ಸಲ, ಮೂರು ಸಲ ಕೇಳಿಸಿತು.